ಚೀಲ ಹೊತ್ತವರ ಇಂಡಿಯನ್ ಓಪನ್

ಇಂಡಿಯನ್ ಓಪನ್ ಗಾಲ್ಫ್ ಟೂರ್ನಿ ಹುಟ್ಟಿದ್ದರಲ್ಲಿ ವಿಮಾನಗಳ ಪಾಲೂ ಇದೆ. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೊರಟ ವಿಮಾನ ಆಗೆಲ್ಲ ದಾರಿಯಲ್ಲಿ ನಾಲ್ಕಾರು ಕಡೆ ಇಳಿದು ಏರಬೇಕಿತ್ತು. ಮೆಲ್ಬರ್ನ್‌ನ ಪೀಟರ್ ಥಾಮ್ಸನ್ ಮತ್ತೆ ಮತ್ತೆ ಆ ದಾರಿ ಹಿಡಿಯುತ್ತಿದ್ದ ಆಟಗಾರ. 1954ರಿಂದ 1956ರವರೆಗೆ ಸತತ ಮೂರು ಸಲ, 1958ರಲ್ಲಿ ಮತ್ತೊಂದು ಸಲ ಬ್ರಿಟಿಷ್ ಓಪನ್ ಗೆದ್ದಿದ್ದರು. ಅಂಥವರು ಭಾರತದಲ್ಲಿ ಇಳಿದರೆ ಇಲ್ಲಿನ ಗಾಲ್ಫ್ ಕ್ಲಬ್ಬುಗಳು ಸುಮ್ಮನೆ ಬಿಟ್ಟಾವೆಯೇ? ಥಾಮ್ಸನ್‌ಗೂ ಈ ದೇಶ ಹಿಡಿಸಿತು. ಭಾರತಕ್ಕೆ ತನ್ನದೇ ಒಂದು ಓಪನ್ ಟೂರ್ನಿ ಬೇಕು ಎಂದು ಇಲ್ಲಿನವರ ಬೆನ್ನುಹತ್ತಿ ಒಪ್ಪಿಸಿದವರಲ್ಲಿ ಅವರೇ ಮುಂದಾಳು. 1964ರಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಮೊದಲ ಟೂರ್ನಿ ನಡೆಯಿತು. ಗೆದ್ದವರೂ ಥಾಮ್ಸನ್ನೇ. ಸಂಬಂಧ ಕುದುರಿಸಲು ಬಂದ ದಳ್ಳಾಳಿಯೇ ಹಸೆಮಣೆ ಏರಿದ ಹಾಗಾಯಿತು.

ಈ ಟೂರ್ನಿಯ ಗೆದ್ದವರ ಪಟ್ಟಿಯನ್ನು ಸುಮ್ಮನೆ ಓದುತ್ತಾ ಹೋದರೆ ಮೊದಲ ಅರ್ಧದಲ್ಲಿ ಆಸ್ಟ್ರೇಲಿಯಾ, ಜಪಾನ್, ತೈವಾನ್, ಅಮೆರಿಕದ ಹೆಸರುಗಳು. ಎರಡನೆಯ ಅರ್ಧದಲ್ಲಿ ಅಲಿ ಶೇರ್, ಫಿರೋಜ್ ಅಲಿ, ವಿಜಯ್ ಕುಮಾರ್, ಮುನಿಯಪ್ಪ, ಚೌರಾಸಿಯಾ ಎಂಬ ಹೆಸರುಗಳು ಇಣುಕತೊಡಗುತ್ತವೆ. ಇವರೆಲ್ಲರಿಗೂ ಸಾಮಾನ್ಯವಾದ ಸಂಗತಿ ಒಂದಿದೆ. ಐವರೂ ಗಾಲ್ಫ್ ಮೈದಾನದೊಳಕ್ಕೆ ಮೊದಲು ಕಾಲಿಟ್ಟದ್ದು ಬೇರೆಯವರ ಚೀಲ ಹೊರುವುದಕ್ಕೆ. ನನ್ನ ಮಟ್ಟಿಗೆ ಇಂಡಿಯನ್ ಓಪನ್‌ನ ನಿಜವಾದ ಇತಿಹಾಸ ಇವರದೇ.

ಭಾರತದಲ್ಲಿ ಗಾಲ್ಫ್ ತೀರ ಹಳೆಯದು. ಕಲ್ಕತ್ತೆಯ ಕ್ಲಬ್ ಶುರುವಾದದ್ದು 1829ರಲ್ಲಿ. ಬ್ರಿಟಿಷ್ ದ್ವೀಪಗಳ ಆಚೆಗೆ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. 1911ರಲ್ಲಿ ಐದನೇ ಜಾರ್ಜ್ ದೊರೆ ದೆಹಲಿ ದರ್ಬಾರಿಗೆ ಬಂದಾಗ ಅದಕ್ಕೆ ‘ರಾಯಲ್’ ಪದವಿ ಸಿಕ್ಕಿತು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಹವ್ಯಾಸಿಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ 1892ರಿಂದಲೇ ನಡೆಯುತ್ತಿತ್ತು. ಅಂದರೆ ಆಟಕ್ಕೆ ಕೊರತೆ ಇರಲಿಲ್ಲ, ಮೈದಾನಕ್ಕೂ ಇರಲಿಲ್ಲ. ಆದರೆ ಆಡುತ್ತಿದ್ದವರು ಯಾರು? ಬ್ರಿಟಿಷ್ ಅಧಿಕಾರಿಗಳು, ಕಂಪನಿಯ ಸಾಹೇಬರು, ಸ್ವಾತಂತ್ರ್ಯದ ನಂತರ ಅವರ ಕುರ್ಚಿಗೆ ಬಂದ ನಮ್ಮವರು, ಸೇನೆಯ ದೊಡ್ಡ ಹುದ್ದೆಯವರು, ರಾಜಮನೆತನದವರು. ಇವರು ಹವ್ಯಾಸಿಗಳು. ಗಾಲ್ಫ್ ಆಡಿ ಹೊಟ್ಟೆ ಹೊರೆಯುವವರು ವೃತ್ತಿಪರರು, ಅಂದರೆ ಪ್ರೊಗಳು. ಭಾರತದಲ್ಲಿ ಪ್ರೊ ಎನ್ನಿಸಿಕೊಂಡವರಲ್ಲಿ ಬಹುಪಾಲು ಹಳೆಯ ಕ್ಯಾಡಿಗಳೇ, ಅಂದರೆ ಆಟಗಾರರ ಚೀಲ ಹೊರುತ್ತಿದ್ದವರೇ. ಸದಸ್ಯರಿಗೆ ಆಟ ಹೇಳಿಕೊಟ್ಟು, ಕೋಲು ರಿಪೇರಿ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದವರು. ಕ್ಲಬ್‌ಹೌಸಿನ ಸೋಫಾದ ಮೇಲೆ ಅವರಿಗೆ ಜಾಗವಿರಲಿಲ್ಲ.

ಕ್ಯಾಡಿಯ ಕೆಲಸ ಗೊತ್ತಿಲ್ಲದವರಿಗೆ ಅದೊಂದು ಕೂಲಿ ಕೆಲಸದಂತೆ ಕಾಣುತ್ತದೆ. ಹದಿನಾಲ್ಕು ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಗಂಟೆ ನಡೆಯುವುದು ಕೂಲಿಯೇ ಸರಿ. ಆದರೆ ಆ ನಾಲ್ಕು ಗಂಟೆಯಲ್ಲಿ ಕ್ಯಾಡಿಯ ಕಣ್ಣು ಮಾಡುವ ಕೆಲಸ ಬೇರೆಯೇ. ಚೆಂಡು ಪೊದೆಗೆ ಬಿದ್ದರೆ ಹುಡುಕಬೇಕು. ಇಲ್ಲಿಂದ ಧ್ವಜಕ್ಕೆ ಎಷ್ಟು ಗಜ ಎಂದು ಹೇಳಬೇಕು. ಗಾಳಿ ಯಾವ ಕಡೆಯದು, ನಿನ್ನೆ ನೀರು ಹಾಯಿಸಿದ ನೆಲ ಇಂದು ಎಷ್ಟು ಮೆತ್ತಗಿದೆ, ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಗ್ರೀನ್‌ನ ಹುಲ್ಲು ಯಾವ ದಿಕ್ಕಿಗೆ ಮಲಗಿದೆ, ಪಟ್ ಮಾಡಿದ, ಅಂದರೆ ಗುಳಿಯತ್ತ ಉರುಳಿಸಿದ ಚೆಂಡು ಎಡಕ್ಕೆ ಎಷ್ಟು ಬೆರಳು ವಾಲುತ್ತದೆ, ಎಲ್ಲ ಅವನಿಗೆ ತಿಳಿದಿರಬೇಕು. ಸಾಹೇಬರು ಕೆಟ್ಟದಾಗಿ ಹೊಡೆದರೆ ಬಾಯಿ ಮುಚ್ಚಿಕೊಂಡಿರಬೇಕು, ಇದೂ ಕೆಲಸದ ಭಾಗವೇ. ದಿನಕ್ಕೆರಡು ಸುತ್ತು, ವರ್ಷಕ್ಕೆ ಮುನ್ನೂರು ದಿನ ಇದನ್ನೇ ಮಾಡಿದ ಹುಡುಗನಿಗೆ ಆ ಮೈದಾನ ಅಂಗೈ ಗೆರೆಯಷ್ಟು ಪರಿಚಿತ. ಇಷ್ಟಾದರೂ ಆಡಲು ಅವಕಾಶ? ಹಲವು ಕ್ಲಬ್ಬುಗಳಲ್ಲಿ ವಾರದ ರಜೆಯ ದಿನ, ಸಾಮಾನ್ಯವಾಗಿ ಸೋಮವಾರ, ಕ್ಯಾಡಿಗಳಿಗೆ ಮೈದಾನ ಬಿಡುತ್ತಿದ್ದರು. ಉಳಿದ ದಿನ ಕೋಲು ಹಿಡಿದರೆ ಬೈಗುಳ. ಸದಸ್ಯರು ಬಳಸಿ ಬಿಟ್ಟ ಕೋಲು, ಪೊದೆಯಲ್ಲಿ ಸಿಕ್ಕಿದ ಚೆಂಡು, ಇಷ್ಟೇ ಬಂಡವಾಳ. ಆಮದಿನ ಮೇಲೆ ನೂರೆಂಟು ನಿರ್ಬಂಧವಿದ್ದ ಕಾಲದಲ್ಲಿ ಒಂದು ಹೊಸ ಸೆಟ್ ಕೊಳ್ಳುವುದು ಅವರ ಕನಸಿಗೂ ನಿಲುಕುವ ಮಾತಲ್ಲ.

ಟೂರ್ನಿಯ ಎರಡನೇ ವರ್ಷವೇ ಒಂದು ಅಚ್ಚರಿ ನಡೆಯಿತು. 1965ರಲ್ಲಿ ಕಲ್ಕತ್ತೆಯ ರಾಯಲ್ ಕ್ಲಬ್‌ನಲ್ಲಿ ಪ್ರೇಮ್ ಗೋಪಾಲ್ ಸೇಠಿ, ಎಲ್ಲರ ಬಾಯಲ್ಲಿ ಬಿಲ್ಲೂ ಸೇಠಿ, ವಿದೇಶಿ ಪ್ರೊಗಳನ್ನೆಲ್ಲ ಹಿಂದೆ ಹಾಕಿ ಗೆದ್ದರು. ಸೇಠಿ ಹವ್ಯಾಸಿ. ಈ ಟೂರ್ನಿ ಗೆದ್ದ ಮೊದಲ ಭಾರತೀಯ ಅವರು. ಹವ್ಯಾಸಿಯಾಗಿದ್ದುಕೊಂಡು ಗೆದ್ದವರು ಅವರ ನಂತರ ಮತ್ತೊಬ್ಬರಿಲ್ಲ. ದೇಶದ ಗಾಲ್ಫ್ ವಲಯ ಸಂಭ್ರಮಿಸಿದ್ದು ಸಹಜವೇ. ಆದರೆ ಒಂದು ಮಾತು ಹೇಳಲೇಬೇಕು. ಆ ಗೆಲುವು ಇನ್ನೇನು ನಮ್ಮವರ ಸಾಲುಗೆಲುವಿಗೆ ನಾಂದಿ ಎಂದುಕೊಂಡಿದ್ದರೆ ಅದು ಹುಸಿಯಾಯಿತು. ಮುಂದಿನ ಭಾರತೀಯ ಗೆಲುವಿಗೆ ಇಪ್ಪತ್ತಾರು ವರ್ಷ ಕಾಯಬೇಕಾಯಿತು.

ಆ ಇಪ್ಪತ್ತಾರು ವರ್ಷಗಳನ್ನು ಬೇಗ ದಾಟಿಬಿಡೋಣ. 1966ರಲ್ಲಿ ಮತ್ತೆ ಥಾಮ್ಸನ್. 1967, 1968ರಲ್ಲಿ ಜಪಾನಿನ ಕೆಂಜಿ ಹೊಸೋಯಿಶಿ. ಆಸ್ಟ್ರೇಲಿಯಾದ ಗ್ರಹಾಂ ಮಾರ್ಷ್ 1971 ಮತ್ತು 1973ರಲ್ಲಿ, ಬ್ರಯಾನ್ ಜೋನ್ಸ್ 1972 ಮತ್ತು 1977ರಲ್ಲಿ ಗೆದ್ದರು. ಆ ಹೊತ್ತಿಗೆ ಟೂರ್ನಿ ಏಷ್ಯಾದ ಗಾಲ್ಫ್ ಸರ್ಕ್ಯೂಟ್‌ನ ಒಂದು ಕೊಂಡಿಯಾಗಿತ್ತು; ಫಿಲಿಪ್ಪೀನ್ಸ್, ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾ ಎಂದು ಊರೂರು ಅಲೆಯುವ ಪ್ರೊಗಳು ಇಲ್ಲಿಗೂ ಬಂದು ಹೋಗುತ್ತಿದ್ದರು. ದೊಡ್ಡ ಟೂರ್‌ಗಳಲ್ಲಿ ಇನ್ನೂ ಜಾಗ ಸಿಗದ ಹುಡುಗರಿಗೆ ಇದು ತಾಲೀಮು. 1981ರಲ್ಲಿ ಹೀಗೆ ಬಂದ ಒಬ್ಬ ಅಮೆರಿಕನ್ ಯುವಕ ಗೆದ್ದು ಹೋದ. ಹೆಸರು ಪೇನ್ ಸ್ಟೀವರ್ಟ್. ಮುಂದೆ ಎರಡು ಸಲ ಅಮೆರಿಕದ ಓಪನ್, ಒಂದು ಸಲ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು, 1999ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಆಟಗಾರ. ಇಂಡಿಯನ್ ಓಪನ್ ಅವನ ವೃತ್ತಿಜೀವನದ ಆರಂಭದ ಗೆಲುವುಗಳಲ್ಲೊಂದು.

1976ರಲ್ಲಿ ಥಾಮ್ಸನ್ ಮೂರನೇ ಬಾರಿ ಗೆದ್ದರು. ನಲವತ್ತು ದಾಟಿ ಎಷ್ಟೋ ವರ್ಷಗಳಾಗಿದ್ದವು. ಅವರ ಗೆಲುವಿನ ಗುಟ್ಟು ಬಾಹುಬಲದಲ್ಲಿ ಇರಲಿಲ್ಲ. ಬ್ರಿಟನ್ನಿನ ಕಡಲತೀರದ ಗಟ್ಟಿ ನೆಲದ ಮೇಲೆ ಚೆಂಡನ್ನು ತಗ್ಗಿನಲ್ಲಿ ಹೊಡೆದು, ಪುಟಿಸಿ, ಉರುಳಿಸಿ ಗುರಿ ಮುಟ್ಟಿಸುವ ಆಟ ಅವರದು. ಚಳಿಗಾಲ ಕಳೆದು ಒಣಗತೊಡಗಿದ ನಮ್ಮ ನೆಲಕ್ಕೂ ಅದು ಹೇಳಿ ಮಾಡಿಸಿದಂತಿತ್ತು. ಅದೇ ಸುಮಾರಿಗೆ ದೆಹಲಿ ಕ್ಲಬ್ ತನ್ನ ಮೈದಾನವನ್ನು ಹೊಸದಾಗಿ ರೂಪಿಸುವ ಕೆಲಸವನ್ನೂ ಅವರ ಕೈಗೇ ಕೊಟ್ಟಿತು.

ಆ ಮೈದಾನದ ಬಗ್ಗೆ ತುಸು ನಿಂತು ಹೇಳಬೇಕು. ಇಂಡಿಯನ್ ಓಪನ್‌ನ ಅರ್ಧ ಪಾತ್ರ ಅದರದೇ. ನವದೆಹಲಿಯ ನಡುಮಧ್ಯೆ, ಸಿರಿವಂತರ ಬಂಗಲೆಗಳ ಸಾಲಿಗೆ ಆತುಕೊಂಡಂತೆ ಇರುವ ಆ ಜಾಗದಲ್ಲಿ ಮೊಘಲರ ಕಾಲದ ಗೋರಿಗಳಿವೆ. ಕ್ಲಬ್‌ಹೌಸಿನ ಹತ್ತಿರವೇ ‘ಲಾಲ್ ಬಂಗ್ಲಾ’ ಎಂಬ ಕೆಂಪುಕಲ್ಲಿನ ಸಮಾಧಿ. ನವಿಲುಗಳು ಆಟದ ಹಾದಿಯಾದ ಫೇರ್‌ವೇ ಮೇಲೆ ಸಾವಕಾಶವಾಗಿ ನಡೆದು ಹೋಗುತ್ತವೆ. ಆಟ ಅವಕ್ಕಾಗಿ ನಿಲ್ಲಬೇಕು. ಇದೆಲ್ಲ ನೋಡಲು ಚೆಂದ. ಆಡುವವನ ಕಷ್ಟ ಬೇರೆ. ಫೇರ್‌ವೇ ಎಂದರೆ ಎರಡು ಕಡೆ ಜಾಲಿಯ ಮುಳ್ಳುಪೊದೆಗಳ ನಡುವೆ ಕತ್ತರಿಸಿದ ಓಣಿ. ಚೆಂಡು ನಾಲ್ಕು ಮಾರು ಅತ್ತಿತ್ತ ಹೋಯಿತೋ, ಪೊದೆಯೊಳಗೆ ಕೈಹಾಕಿ ಮುಳ್ಳು ತರಚಿಸಿಕೊಳ್ಳಬೇಕು. ಎಷ್ಟೋ ಸಲ ಒಂದು ಹೊಡೆತ ದಂಡ ಕೊಟ್ಟು ವಾಪಸ್ ಬರುವುದೇ ಲೇಸು. ಮುನ್ನೂರು ಗಜ ಬಾರಿಸುವ ಶಕ್ತಿಶಾಲಿಗಳು ಇಲ್ಲಿಗೆ ಬಂದು ತಮ್ಮ ಅತಿ ಉದ್ದದ ಕೋಲಾದ ಡ್ರೈವರ್ ಅನ್ನು ಚೀಲದಲ್ಲೇ ಬಿಟ್ಟು, ಸಣ್ಣ ಕೋಲಿನಿಂದ ಎಣಿಸಿ ಎಣಿಸಿ ಹೊಡೆಯಬೇಕಾಗುತ್ತಿತ್ತು. ಎಲ್ಲಿಗೆ ಹೊಡೆಯಬಾರದು ಎಂಬುದು ಗೊತ್ತಿದ್ದವನಿಗೇ ಇಲ್ಲಿ ಉಳಿಗಾಲ. ಮತ್ತೆ, ಅದು ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು?

ಅಲಿ ಶೇರ್ ಅದೇ ದೆಹಲಿ ಕ್ಲಬ್‌ನಲ್ಲಿ ಕ್ಯಾಡಿಯಾಗಿ ಬೆಳೆದವರು. 1980ರ ದಶಕದಲ್ಲಿ ದೇಶದೊಳಗಿನ ಪ್ರೊ ಟೂರ್ನಿಗಳಲ್ಲಿ ರೋಹ್ತಾಸ್ ಸಿಂಗ್ ಮುಂತಾದ ಹಳೆಯ ಕ್ಯಾಡಿಗಳದೇ ಮೇಲುಗೈ. ಆದರೆ ಬಹುಮಾನದ ಹಣ ಪುಡಿಗಾಸು. 1988ರಲ್ಲಷ್ಟೇ ವೃತ್ತಿಪರರಿಗೆ ತಮ್ಮದೇ ಸಂಘವಾಯಿತು. ಇಂಡಿಯನ್ ಓಪನ್ ಬಂದರೆ ಈ ಪ್ರೊಗಳೂ ಕಣಕ್ಕಿಳಿಯುತ್ತಿದ್ದರು. ನಾಲ್ಕು ದಿನ, ದಿನಕ್ಕೆ ಹದಿನೆಂಟು ಗುಳಿ, ಅಂದರೆ ಹೋಲ್, ಒಟ್ಟು ಎಪ್ಪತ್ತೆರಡು; ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದವನು. ಎರಡು ದಿನ ಮುಗಿದ ಮೇಲೆ ಹಿಂದುಳಿದವರನ್ನು ಮನೆಗೆ ಕಳಿಸುವ ‘ಕಟ್’ ದಾಟಿದರೇ ದೊಡ್ಡ ವಿಷಯ. ವಿದೇಶಿಯರು ಗೆಲ್ಲುವುದು, ನಮ್ಮವರು ಚಪ್ಪಾಳೆ ತಟ್ಟುವುದು, ಅದೇ ರೂಢಿಯಾಗಿತ್ತು.

1991ರಲ್ಲಿ ಆ ರೂಢಿ ಮುರಿಯಿತು. ಅಲಿ ಶೇರ್ ತಾವು ಚೀಲ ಹೊತ್ತ ಮೈದಾನದಲ್ಲೇ ಇಂಡಿಯನ್ ಓಪನ್ ಗೆದ್ದರು. ಟೂರ್ನಿ ಗೆದ್ದ ಮೊದಲ ಭಾರತೀಯ ವೃತ್ತಿಪರ. ಆ ವರ್ಷದ ಅರ್ಜುನ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಪಡೆದ ಹಿಂದಿನ ಗಾಲ್ಫರುಗಳೆಲ್ಲ ಕ್ಲಬ್ಬಿನ ಸದಸ್ಯರ ಕಡೆಯವರು. ಚೀಲ ಹೊರುವವರ ಸಾಲಿನಿಂದ ಎದ್ದುಬಂದ ಒಬ್ಬನ ಎದೆಗೆ ಅದು ಬಿದ್ದದ್ದು ಸಣ್ಣ ಸಂಗತಿಯಲ್ಲ. ಒಂದೇ ಸಲ ಗೆದ್ದಿದ್ದರೆ ಅದೃಷ್ಟ ಎನ್ನುವವರು ಇದ್ದೇ ಇರುತ್ತಿದ್ದರು. 1993ರಲ್ಲಿ ಅಲಿ ಶೇರ್ ಮತ್ತೆ ಗೆದ್ದು ಅವರ ಬಾಯಿ ಮುಚ್ಚಿಸಿದರು.

ತವರು ಮೈದಾನದ ಲಾಭ ಎಂದು ಮೂಗು ಮುರಿಯುವವರಿಗೆ ನನ್ನದೊಂದು ಪ್ರಶ್ನೆ. ದಶಕಗಳ ಕಾಲ ಅದೇ ಮೈದಾನದಲ್ಲಿ ಆಡುತ್ತಿದ್ದ ಸದಸ್ಯರಿಗೂ ಅದು ತವರೇ ಅಲ್ಲವೇ? ಮನೆಯ ಹಿತ್ತಿಲಷ್ಟು ಹತ್ತಿರದ ಮೈದಾನ, ಒಳ್ಳೆಯ ಕೋಲು, ಬೇಕಾದಷ್ಟು ಚೆಂಡು, ಮೇಲೆ ಇದೇ ಕ್ಯಾಡಿಗಳ ಸಲಹೆ. ಇಷ್ಟೆಲ್ಲ ಇದ್ದೂ ಸೇಠಿ ಒಬ್ಬರನ್ನು ಬಿಟ್ಟರೆ ಯಾವ ಹವ್ಯಾಸಿಯೂ ಈ ಟ್ರೋಫಿ ಎತ್ತಲಿಲ್ಲ. ಅಲಿ ಶೇರ್ ಬಳಿ ಇದ್ದದ್ದು ನೆಲದ ಪರಿಚಯ ಮಾತ್ರವಲ್ಲ. ಇವತ್ತು ಚೆನ್ನಾಗಿ ಆಡದಿದ್ದರೆ ನಾಳೆ ಮತ್ತೆ ಚೀಲವೇ ಗತಿ ಎಂಬ ಅರಿವು.

ಅದಾದ ಮೇಲೆ ದಾರಿ ತೆರೆದುಕೊಂಡಿತು. ಉದಾರೀಕರಣ ಬಂತು, ಟಿವಿ ಚಾನೆಲ್ಲುಗಳು ಬಂದವು. ಸಿಗರೇಟಿನ ಬ್ರ್ಯಾಂಡ್ ಒಂದರ ಹೆಸರು ಹೊತ್ತು ‘ವಿಲ್ಸ್ ಇಂಡಿಯನ್ ಓಪನ್’ ಎಂದು ಟೂರ್ನಿ ಮೆರೆಯಿತು. ತಂಬಾಕಿನ ದುಡ್ಡಿನಿಂದ ಕ್ರಿಕೆಟ್ಟೂ ಗಾಲ್ಫೂ ಬೆಳೆದ ಆ ದಶಕವನ್ನು ಈಗ ನೆನೆದರೆ ವಿಚಿತ್ರ ಎನಿಸುತ್ತದೆ; ಆಗ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆಮೇಲೆ ಮೋಟಾರ್‌ಸೈಕಲ್ ಕಂಪನಿ ಹೀರೊ ಹೋಂಡಾ ಪ್ರಾಯೋಜಕತ್ವ ವಹಿಸಿತು. ಏಷ್ಯಾದ ಪ್ರೊ ಟೂರ್ ಹೊಸ ರೂಪದಲ್ಲಿ 1990ರ ದಶಕದ ನಡುವೆ ಶುರುವಾಗಿ, ಇಂಡಿಯನ್ ಓಪನ್ ಅದರ ತೆಕ್ಕೆಗೆ ಹೋಯಿತು. 1998ರಲ್ಲಿ ಕೋಲ್ಕತ್ತದ ಹಳೆಯ ಕ್ಯಾಡಿ ಫಿರೋಜ್ ಅಲಿ, 1999ರಲ್ಲಿ ಅರ್ಜುನ್ ಅತ್ವಾಲ್, 2000ದಲ್ಲಿ ಜ್ಯೋತಿ ರಂಧಾವ. ಮೂರು ವರ್ಷ ಒಂದರ ಹಿಂದೊಂದು ಟ್ರೋಫಿ ಭಾರತದಲ್ಲೇ ಉಳಿಯಿತು. 2002ರಲ್ಲಿ ಲಖನೌದ ವಿಜಯ್ ಕುಮಾರ್ ಗೆದ್ದರು. ಅವರೂ ಕ್ಯಾಡಿಗಳ ಸಾಲಿನಿಂದ ಬಂದವರೇ. ರಂಧಾವ 2006, 2007ರಲ್ಲಿ ಮತ್ತೆ ಗೆದ್ದು ಥಾಮ್ಸನ್‌ರ ಮೂರು ಗೆಲುವುಗಳ ಲೆಕ್ಕಕ್ಕೆ ಸಮನಾದರು.

ಇವುಗಳಲ್ಲಿ 1999ರ ಟೂರ್ನಿ ನನಗೆ ಬಹಳ ಇಷ್ಟ. ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ನಡೆದ ಪಂದ್ಯ. ಗೆದ್ದ ಅತ್ವಾಲ್ ಅಮೆರಿಕದಲ್ಲಿ ಓದಿ ಬಂದ, ಉಳ್ಳವರ ಮನೆಯ ಹುಡುಗ. ಮುಂದೆ 2010ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಎನ್ನಿಸಿಕೊಂಡವರು. ಎರಡನೇ ಸ್ಥಾನ ಗಳಿಸಿದವರಲ್ಲಿ ಇಪ್ಪತ್ತೊಂದರ ಹರೆಯದ ಶಿವಶಂಕರ ಪ್ರಸಾದ್ ಚೌರಾಸಿಯಾ ಎಂಬ ಹುಡುಗನೂ ಇದ್ದ. ಅವನ ತಂದೆ ಅದೇ ರಾಯಲ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಗ್ರೀನ್‌ಕೀಪರ್. ಮನೆಯೂ ಅಲ್ಲೇ. ಅಪ್ಪ ಕತ್ತರಿಸಿದ ಹುಲ್ಲಿನ ಮೇಲೆ ಮಗ ಕ್ಯಾಡಿಯಾಗಿ ಓಡಾಡಿ, ಯಾವ ಕೋಚ್‌ನ ಹಂಗೂ ಇಲ್ಲದೆ, ದೊಡ್ಡವರು ಆಡುವುದನ್ನು ನೋಡಿ ನೋಡಿ ಆಟ ಕಲಿತ. ಅವನಿಗೆ ದೂರ ಹೊಡೆಯುವ ತಾಕತ್ತು ಅಷ್ಟಕ್ಕಷ್ಟೆ. ಗ್ರೀನ್ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲಗೆ ಎತ್ತಿ ಗುಳಿಯ ಪಕ್ಕ ಇಳಿಸುವುದು, ಅಂದರೆ ಚಿಪ್ ಮಾಡುವುದು, ಒಂದೇ ಪಟ್‌ನಲ್ಲಿ ಮುಗಿಸುವುದು, ಇದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಗೆಳೆಯರು ಅಡ್ಡಹೆಸರಿಟ್ಟರು: ಚಿಪ್‌ಪುಟ್ಸಿಯಾ.

ಚೌರಾಸಿಯಾನ ಕಡೆಗೆ ಮತ್ತೆ ಬರುವ ಮೊದಲು ಬೆಂಗಳೂರಿಗೆ ಬರಬೇಕು.

ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆ ಇದ್ದ ಅಂಗಳದಲ್ಲಿ, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿದೆ. ಊರಿನವರ ಬಾಯಲ್ಲಿ ಕೆಜಿಎ. ಕೆರೆ ಹೋಗಿ ಗಾಲ್ಫ್ ಬಂದದ್ದು ಬೆಂಗಳೂರಿನ ಕೆರೆಗಳ ದೊಡ್ಡ ದುಃಖದ ಕತೆಯಲ್ಲಿ ಒಂದು ಅಧ್ಯಾಯ. ಅದನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿಗೆ ಬೇಕಾದ ಸಂಗತಿ ಇಷ್ಟು: 1980ರ ದಶಕದಲ್ಲಿ ಈ ಮೈದಾನವನ್ನು ವಿನ್ಯಾಸ ಮಾಡಿದ್ದು ಪೀಟರ್ ಥಾಮ್ಸನ್‌ರ ಸಂಸ್ಥೆ. ಟೂರ್ನಿ ಹುಟ್ಟುಹಾಕಿದವರ ಕೈಯಲ್ಲೇ ರೂಪುಗೊಂಡ ಆ ಮೈದಾನದಲ್ಲಿ ಕ್ಯಾಡಿಯಾಗಿದ್ದ ಹುಡುಗರಲ್ಲಿ ಚಿನ್ನಸ್ವಾಮಿ ಮುನಿಯಪ್ಪ ಒಬ್ಬರು.

2009ರ ಇಂಡಿಯನ್ ಓಪನ್ ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ. ಆಗದನ್ನು ಗುಡಗಾಂವ್ ಎನ್ನುತ್ತಿದ್ದರು. ಅಂದರೆ ಮುನಿಯಪ್ಪನವರ ಮಟ್ಟಿಗೆ ತವರಿನ ಲಾಭ ಎಂಬ ಮಾತೇ ಏಳದು. ಅವರ ಹೆಸರನ್ನು ಗೆಲ್ಲುವವರ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಪಂದ್ಯದ ಹಿಂದಿನ ದಿನ ಪತ್ರಕರ್ತರು ರಂಧಾವನ ಸುತ್ತ, ಜೀವ್ ಮಿಲ್ಖಾ ಸಿಂಗ್ ಸುತ್ತ ಮುತ್ತುವ ಕಾಲ ಅದು. ನಾಲ್ಕು ದಿನ ಮುಗಿದಾಗ ಮುನಿಯಪ್ಪ, ದಕ್ಷಿಣ ಕೊರಿಯಾದ ಲೀ ಸಂಗ್ ಇಬ್ಬರದೂ ಸಮಸ್ಕೋರು. ನಿರ್ಣಯಕ್ಕೆ ಪ್ಲೇ-ಆಫ್. ಅದರಲ್ಲಿ ಮುನಿಯಪ್ಪ ಗೆದ್ದುಬಿಟ್ಟರು. ಒಟ್ಟು ಹನ್ನೆರಡೂವರೆ ಲಕ್ಷ ಡಾಲರ್ ಬಹುಮಾನದ ಟೂರ್ನಿ. ವಿಜೇತನ ಪಾಲು ಎರಡು ಲಕ್ಷ ಡಾಲರ್‌ಗೆ ಸ್ವಲ್ಪ ಕಡಿಮೆ. ಒಂದು ಸುತ್ತಿಗೆ ಇಷ್ಟು ರೂಪಾಯಿ ಎಂದು ಎಣಿಸಿ ಕ್ಯಾಡಿಯ ಕೂಲಿ ಪಡೆದ ಕೈಗೆ ರೂಪಾಯಿ ಲೆಕ್ಕದಲ್ಲಿ ತೊಂಬತ್ತು ಲಕ್ಷದ ಆಸುಪಾಸಿನ ಮೊತ್ತ. ಬೆಂಗಳೂರಿನ ಪತ್ರಿಕೆಗಳು ಮರುದಿನ ಅವರ ಚಿತ್ರ ಹಾಕಿ ಬರೆದವು. ಆ ಎತ್ತರದ ಗೆಲುವು ಅವರಿಗೆ ಮುಂದೆ ಮತ್ತೆ ಸಿಗಲಿಲ್ಲ. ಆದರೆ ಇಂಡಿಯನ್ ಓಪನ್ ಟ್ರೋಫಿಯ ಮೇಲೆ ಥಾಮ್ಸನ್, ಪೇನ್ ಸ್ಟೀವರ್ಟ್ ಹೆಸರುಗಳಿರುವ ಸಾಲಿನಲ್ಲೇ ಸಿ. ಮುನಿಯಪ್ಪ ಎಂಬ ಹೆಸರೂ ಇದೆ. ನಮ್ಮ ರಾಜ್ಯದಲ್ಲಿ ಈ ಸಂಗತಿ ಗೊತ್ತಿರುವವರು ಎಷ್ಟು ಜನ ಎಂದು ಆಗಾಗ ಅನ್ನಿಸುತ್ತದೆ. ಕ್ರಿಕೆಟಿಗನೊಬ್ಬ ರಣಜಿಯಲ್ಲಿ ಶತಕ ಹೊಡೆದರೂ ಹಾರ ಹಾಕುವ ಊರು ನಮ್ಮದು.

2012ರಲ್ಲಿ ಟೂರ್ನಿಯೇ ದೆಹಲಿಯ ಸುತ್ತಮುತ್ತಲ ನೆಲ ಬಿಟ್ಟು ಕೆಜಿಎಗೆ ಬಂತು. ಥಾಯ್ಲೆಂಡಿನ ಥಾವೋರ್ನ್ ವಿರಾಟ್‌ಚಾಂಟ್ ಸ್ಕಾಟ್ಲೆಂಡಿನ ರಿಚಿ ರಾಮ್ಸೆಯನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿ ಗೆದ್ದರು. ನಲವತ್ತೈದು ವಯಸ್ಸಿನ ಥಾವೋರ್ನ್‌ಗೆ ಇದು ಎರಡನೇ ಇಂಡಿಯನ್ ಓಪನ್, ಮೊದಲನೆಯದು 2005ರದ್ದು.

ಮರುವರ್ಷ ದೆಹಲಿಯಲ್ಲಿ ಕ್ಯಾಡಿಗಳ ಕತೆ ಗಡಿ ದಾಟಿತು. ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್ ಢಾಕಾದ ಕುರ್ಮಿಟೋಲಾ ಕ್ಲಬ್‌ನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ, ಆಮೇಲೆ ಕ್ಯಾಡಿಯಾಗಿ ಬೆಳೆದವರು. ಗಾಲ್ಫ್ ಎಂದರೆ ಏನೆಂದು ಹೆಚ್ಚಿನವರಿಗೆ ಗೊತ್ತೇ ಇಲ್ಲದ ದೇಶದಿಂದ ಬಂದು 2013ರ ಇಂಡಿಯನ್ ಓಪನ್ ಅನ್ನು ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು. ಆ ಒಂದು ಹೊಡೆತ ಹಿಂದೆ ಉಳಿದವರು ಇಬ್ಬರು: ಅನಿರ್ಬನ್ ಲಾಹಿರಿ ಮತ್ತು ಅದೇ ಚೌರಾಸಿಯಾ.

ಚೌರಾಸಿಯಾಗೆ ಇದು ಹಣೆಬರಹವೇ ಆಗಿಬಿಟ್ಟಿತ್ತು. 1999ರಲ್ಲಿ ಎರಡನೇ ಸ್ಥಾನ. 2006ರಲ್ಲಿ ರಂಧಾವ ಗೆದ್ದಾಗ ಎರಡನೇ ಸ್ಥಾನ. 2013ರಲ್ಲಿ ಎರಡನೇ ಸ್ಥಾನ. ಆಟ ಬಾರದವನೇನಲ್ಲ. 2008ರಲ್ಲಿ ಯುರೋಪಿಯನ್ ಟೂರ್ ಮೊಟ್ಟಮೊದಲ ಬಾರಿಗೆ ಭಾರತಕ್ಕೆ ಬಂದು ದೆಹಲಿ ಕ್ಲಬ್‌ನಲ್ಲಿ ‘ಇಂಡಿಯನ್ ಮಾಸ್ಟರ್ಸ್’ ಎಂಬ ಇಪ್ಪತ್ತೈದು ಲಕ್ಷ ಡಾಲರ್‌ನ ಟೂರ್ನಿ ನಡೆಸಿದಾಗ, ಘಟಾನುಘಟಿಗಳ ನಡುವೆ ಗೆದ್ದದ್ದು ಈ ಗ್ರೀನ್‌ಕೀಪರನ ಮಗನೇ. 2011ರಲ್ಲಿ ಯುರೋಪಿಯನ್ ಟೂರ್‌ನ ಇನ್ನೊಂದು ಪ್ರಶಸ್ತಿಯೂ ಸಿಕ್ಕಿತ್ತು. ಆದರೆ ದೇಶದ ಹೆಸರು ಹೊತ್ತ ಈ ಓಪನ್ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಜಾರುತ್ತಲೇ ಇತ್ತು.

2015ರ ಫೆಬ್ರುವರಿ. ಇಂಡಿಯನ್ ಓಪನ್ ಮೊದಲ ಬಾರಿಗೆ ಯುರೋಪಿಯನ್ ಟೂರ್‌ನ ಮಾನ್ಯತೆಯೂ ಸೇರಿ ನಡೆಯುತ್ತಿತ್ತು. ದೆಹಲಿ ಕ್ಲಬ್. ಕೊನೆಯ ದಿನ ಬೆಳಿಗ್ಗೆ ಮುಂದಿದ್ದವರು ಚೌರಾಸಿಯಾ. ಲಾಹಿರಿ ಏಳು ಹೊಡೆತ ಹಿಂದೆ. ಗಾಲ್ಫ್‌ನಲ್ಲಿ ಕೊನೆಯ ದಿನ ಏಳು ಹೊಡೆತದ ಅಂತರ ಎಂದರೆ ಟ್ರೋಫಿ ಮೇಲೆ ಹೆಸರು ಕೆತ್ತಲು ಕೂತುಬಿಡಬಹುದು. ಅನಿರ್ಬನ್ ಲಾಹಿರಿ ಸೇನಾ ವೈದ್ಯರ ಮಗ, ಬೆಂಗಳೂರಿನಲ್ಲಿ ಕೋಚ್ ವಿಜಯ್ ದಿವೇಚಾ ಬಳಿ ಪಳಗಿದವರು, ಎರಡೇ ವಾರದ ಹಿಂದೆ ಮಲೇಷ್ಯನ್ ಓಪನ್ ಗೆದ್ದು ಬಂದಿದ್ದವರು. ಅವರದು ಮೈಗೂಡಿದ ಆತ್ಮವಿಶ್ವಾಸ. ಇತ್ತ ಚೌರಾಸಿಯಾನ ಕೈಯಲ್ಲಿ ನಡುಕ ಹೊಕ್ಕಿತು. ಒಂದು ಹೋಲ್‌ನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಎಂದು ಹೊಡೆತಗಳು ಸೋರಿದವು. ದಿನ ಮುಗಿಯುವಾಗ ಲಾಹಿರಿ 69, ಚೌರಾಸಿಯಾ 76. ಏಳೂ ಕರಗಿಹೋಗಿ ಇಬ್ಬರೂ ಸಮ. ಪ್ಲೇ-ಆಫ್‌ಗೆ ಹದಿನೆಂಟನೇ ಹೋಲ್. ಮೊದಲ ಯತ್ನದಲ್ಲೇ ಲಾಹಿರಿ ನಿಗದಿಯಾದ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ ಒಂದು ಕಡಿಮೆ ಹೊಡೆತದಲ್ಲಿ, ಅಂದರೆ ಬರ್ಡಿ ಹೊಡೆದು ಮುಗಿಸಿದರು. ಗಾಲ್ಫ್ ಕಲಿಸುವವರು ಇದನ್ನು ತಾಂತ್ರಿಕವಾಗಿ ಬಿಡಿಸಿ ಹೇಳಬಹುದು. ನನಗನ್ನಿಸುವುದು, ಹದಿನಾರು ವರ್ಷ ಹಂಬಲಿಸಿದ್ದನ್ನು ಕೈಯಲ್ಲಿ ಹಿಡಿದಾಗ ಕೈ ನಡುಗದಿದ್ದರೆ ಅವನು ಮನುಷ್ಯನೇ ಅಲ್ಲ. ನಾಲ್ಕನೇ ಸಲ ಎರಡನೆಯವನಾಗಿ ಚೌರಾಸಿಯಾ ಮನೆಗೆ ಹೋದರು.

ಒಂದು ವರ್ಷದ ನಂತರ, 2016ರ ಮಾರ್ಚ್, ಅದೇ ಮೈದಾನ. ಹಿಂದೆ ಅಟ್ಟಿಸಿಕೊಂಡು ಬರುತ್ತಿದ್ದವರಲ್ಲಿ ಅದೇ ಲಾಹಿರಿ. ಈ ಸಲ ಚೌರಾಸಿಯಾ ಪೊದೆಗಳ ಕಡೆ ತಿರುಗಿಯೂ ನೋಡಲಿಲ್ಲ. ಸಣ್ಣ ಕೋಲು, ಓಣಿಯ ನಟ್ಟನಡುವೆ ಹೊಡೆತ, ಗ್ರೀನ್ ಬಳಿ ಚಿಪ್, ಪಟ್. ಹದಿನೈದು ಅಂಡರ್ ಪಾರ್. ಲಾಹಿರಿ, ಕೊರಿಯಾದ ವಾಂಗ್ ಜಿಯಂಗ್‌ಹುನ್ ಇಬ್ಬರನ್ನೂ ಎರಡು ಹೊಡೆತ ಹಿಂದೆ ಬಿಟ್ಟು ಗೆದ್ದರು. ಸರಿ, ದೆಹಲಿಯ ಓಣಿಯಂಥ ಮೈದಾನ ಗಿಡ್ಡ ಆಟದವನಿಗೆ ಒಗ್ಗುತ್ತದೆ ಎಂದರು ಕೆಲವರು. 2017ರಲ್ಲಿ ಟೂರ್ನಿ ಗುರುಗ್ರಾಮದ ಡಿಎಲ್‌ಎಫ್‌ಗೆ ಹೋಯಿತು. ಗ್ಯಾರಿ ಪ್ಲೇಯರ್ ವಿನ್ಯಾಸದ ಆ ಹೊಸ ಮೈದಾನ ಉದ್ದಕ್ಕೆ ಉದ್ದ, ಆಳವಾದ ಮರಳುಗುಂಡಿಗಳು, ಅಂಕುಡೊಂಕು ಗ್ರೀನ್‌ಗಳು. ಬಂದ ಯುರೋಪಿಯನ್ನರೆಲ್ಲ ತಲೆ ಮೇಲೆ ಕೈ ಹೊತ್ತರು. ಚೌರಾಸಿಯಾ ಅಲ್ಲಿ ಗೆದ್ದದ್ದು ಏಳು ಹೊಡೆತಗಳ ಅಂತರದಿಂದ. ಎರಡು ವರ್ಷದ ಹಿಂದೆ ಕಳೆದುಕೊಂಡ ಅಷ್ಟೇ ಏಳು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು.

ಇಲ್ಲಿಗೆ ಲೆಕ್ಕ ಹಾಕಿದರೆ, ಇಂಡಿಯನ್ ಓಪನ್ ಗೆದ್ದ ಭಾರತೀಯರು ಒಂಬತ್ತು ಜನ, ಗೆಲುವುಗಳು ಹದಿಮೂರು. ಅದರಲ್ಲಿ ಏಳು ಗೆಲುವು ಕ್ಯಾಡಿಗಳಾಗಿದ್ದ ಐವರದು. ಗಾಲ್ಫ್ ಆಡುವ ದೊಡ್ಡ ದೇಶಗಳಲ್ಲೂ ಹಿಂದೆ ಕ್ಯಾಡಿಗಳು ಚಾಂಪಿಯನ್ ಆದದ್ದುಂಟು. ಆದರೆ ಅಲ್ಲಿ ಆ ಕಾಲ ಮುಗಿದು ಹಲವು ದಶಕಗಳಾದವು. ನಮ್ಮಲ್ಲಿ ಅದು 2017ರವರೆಗೆ ಎಳೆದು ಬಂದದ್ದೇ ವಿಶೇಷ.

ಆಮೇಲೆ ಚಿತ್ರ ಬದಲಾಯಿತು. 2018ರಲ್ಲಿ ಇಂಗ್ಲೆಂಡಿನ ಮ್ಯಾಟ್ ವಾಲೇಸ್. 2019ರಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಹರ್. ಕೊನೆಯ ದಿನ ಏಳನೇ ಹೋಲ್‌ನಲ್ಲಿ ಎಂಟು ಹೊಡೆತ ತೆಗೆದುಕೊಂಡು, ಮುಗಿಯಿತು ಕತೆ ಎಂದು ಎಲ್ಲರೂ ಅಂದುಕೊಂಡ ಮೇಲೂ ಚೇತರಿಸಿಕೊಂಡು ಒಂದು ಹೊಡೆತದಿಂದ ಗೆದ್ದರು. ಅವರ ಚೀಲ ಹೊತ್ತಿದ್ದವನು ಸ್ವಂತ ಮಗ ಜ್ಯಾಕ್. ಕೊರೋನಾದಿಂದ ಮೂರು ವರ್ಷ ಟೂರ್ನಿ ನಡೆಯಲಿಲ್ಲ. 2023ರಲ್ಲಿ ಜರ್ಮನಿಯ ಮಾರ್ಸೆಲ್ ಸೀಮ್, 2024ರಲ್ಲಿ ಜಪಾನಿನ ಕೇಟಾ ನಕಾಜಿಮಾ, 2025ರಲ್ಲಿ ಸ್ಪೇನಿನ ಯುಜೀನಿಯೊ ಚಕಾರಾ.

ಹುಡುಗಿಯರ ಕಡೆ ಬೆಂಗಳೂರಿಗೆ ಇನ್ನೊಂದು ಹೆಮ್ಮೆ ಇದೆ. 2016ರ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಹದಿನೆಂಟರ ಅದಿತಿ ಅಶೋಕ್ ಮಹಿಳಾ ಇಂಡಿಯನ್ ಓಪನ್ ಗೆದ್ದಳು. ಅದನ್ನು ಗೆದ್ದ ಮೊದಲ ಭಾರತೀಯಳು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಅವಳ ಕ್ಯಾಡಿ ಆಗಿದ್ದವರು ತಂದೆ; ಟೋಕಿಯೊದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಚೀಲ ಹೊತ್ತಿದ್ದವರು ತಾಯಿ. ಈಗ ಆಟದಲ್ಲಿ ಮೇಲೆ ಬರಬೇಕಾದರೆ ಹೀಗೆ ಇಡೀ ಮನೆಯೇ ಮಗುವಿನ ಬೆನ್ನಿಗೆ ನಿಲ್ಲಬೇಕು, ಏಳೆಂಟು ವಯಸ್ಸಿಗೇ ಕೋಚ್ ಬೇಕು, ಹೊಡೆತದ ಕೋನ ಅಳೆಯುವ ಯಂತ್ರ ಬೇಕು, ವಿದೇಶದ ಜೂನಿಯರ್ ಟೂರ್ನಿಗಳಿಗೆ ಟಿಕೆಟ್ ಬೇಕು. ಇದರಿಂದ ಆಟದ ಮಟ್ಟ ಏರಿದೆ, ಅದನ್ನು ಅಲ್ಲಗಳೆಯಲಾಗದು. ಸೋಮವಾರ ಒಂದು ದಿನ ಹಳೆ ಕೋಲು ಹಿಡಿದು ಕಲಿತವನಿಗೆ ಈ ಪೈಪೋಟಿಯಲ್ಲಿ ಎಷ್ಟು ದೂರ ಹೋಗಲು ಸಾಧ್ಯ ಎಂಬ ಅನುಮಾನವೂ ಅಷ್ಟೇ ಗಟ್ಟಿ. ಮೇಲಾಗಿ ಮೋಟಾರು ಗಾಡಿಗಳು ಬಂದು ಎಷ್ಟೋ ಕಡೆ ಚೀಲಕ್ಕೆ ಹೆಗಲೇ ಬೇಡವಾಗುತ್ತಿದೆ.

ಪೀಟರ್ ಥಾಮ್ಸನ್ 2018ರ ಜೂನ್‌ನಲ್ಲಿ ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಇಂಡಿಯನ್ ಓಪನ್‌ನ ಮೂರು ಗೆಲುವುಗಳ ದಾಖಲೆ ಈಗಲೂ ಅವರದು ಮತ್ತು ರಂಧಾವನದು. ಚೌರಾಸಿಯಾ ಬಳಿ ಎರಡಿವೆ. 2017ರ ನಂತರ ಟ್ರೋಫಿಗೆ ತೀರ ಹತ್ತಿರ ಬಂದ ಭಾರತೀಯರಲ್ಲಿ ಗುರುಗ್ರಾಮದ ವೀರ್ ಅಹ್ಲಾವತ್ ಒಬ್ಬರು. 2024ರಲ್ಲಿ ನಕಾಜಿಮಾಗಿಂತ ನಾಲ್ಕು ಹೊಡೆತ ಹಿಂದೆ, ಇನ್ನಿಬ್ಬರ ಜತೆ ಎರಡನೇ ಸ್ಥಾನ ಹಂಚಿಕೊಂಡರು.